ಅರ್ಧ ಮುಷ್ಟಿ ಉಪ್ಪು

ನಮ್ಮ ಮನೆಯ ಅಡುಗೆಗೆ ಅಳತೆ ಅಂತ ಇದ್ದದ್ದು ಒಂದೇ, ಅತ್ಯಾನ ಮುಷ್ಟಿ. ಅತ್ಯಾ ಅಂದರೆ ನನ್ನ ಅಪ್ಪನ ಅಕ್ಕ. ವಿಜಾಪುರದ ಕಡೆ ಅತ್ತಿ ಅನ್ನುವುದನ್ನು ಪುಣೆಯ ಮರಾಠಿ ಗಾಳಿ ನಮ್ಮ ಬಾಯಲ್ಲಿ ಅತ್ಯಾ ಮಾಡಿತ್ತು. ಬೇಳೆಗೆ ಎರಡು ಮುಷ್ಟಿ, ಉಪ್ಪಿಗೆ ಅರ್ಧ ಮುಷ್ಟಿ, ಇಂಗಿಗೆ ಉಗುರ ತುದಿ. ಉಣ್ಣುವವರು ಹೆಚ್ಚಿದರೆ ಮುಷ್ಟಿ ತಾನಾಗಿ ಸಡಿಲಾಗುತ್ತಿತ್ತು, ಕಡಿಮೆಯಾದರೆ ಬಿಗಿಯಾಗುತ್ತಿತ್ತು. ನಾನು ಮುಂದೆ ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಅಡುಗೆ ಕಲಿಸಿ ಬದುಕಿದವಳು. ಅಳೆದು ತೂಗಿ ಕಲಿಸುತ್ತಾರೆ, ಇವರ ಲೆಕ್ಕದಂತೆ ಮಾಡಿದರೆ ಕೆಡುವುದೇ ಇಲ್ಲ ಅಂತ ನನಗೆ ಹೆಸರು. ಯಾರಾದರೂ ಎದುರಿಗೆ ಹಾಗೆ ಹೊಗಳಿದರೆ ನಾನು ಮಾತು ಬದಲಿಸುತ್ತೇನೆ. ಪಾಪ, ಇವರಿಗೆ ಎಷ್ಟು ವಿನಯ ಅಂದುಕೊಳ್ಳುತ್ತಾರೆ. ವಿನಯವೂ ಇಲ್ಲ, ಮಣ್ಣೂ ಇಲ್ಲ. ಅದು ನಾಚಿಕೆ. ಹದಿನಾರನೆಯ ವಯಸ್ಸಿನಲ್ಲಿ ಮೈಗೆ ಹತ್ತಿದ್ದು ಇನ್ನೂ ಬಿಟ್ಟಿಲ್ಲ.

ನಾವಿದ್ದದ್ದು ಪೇಟೆಯ ಒಂದು ವಾಡೆಯಲ್ಲಿ. ನಡುವೆ ಕಲ್ಲುಹಾಸಿನ ಅಂಗಳ, ಸುತ್ತ ಹತ್ತು ಸಂಸಾರ, ಎಲ್ಲರಿಗೂ ಸೇರಿ ಒಂದು ಕಲ್ಲಿನ ನೀರಿನ ತೊಟ್ಟಿ. ನಮ್ಮದು ಹಿಂಭಾಗದ ಮೂರು ಖೋಲಿ. ಅಪ್ಪ ಹೊಳೆಯಾಚೆಯ ಕಚೇರಿಯಲ್ಲಿ ಕಾರಕೂನ. ಈಗ ಶಿವಾಜಿನಗರ ಅನ್ನುವ ಆ ಕಡೆಯನ್ನು ಮನೆಯಲ್ಲಿ ಎಲ್ಲರೂ ಭಾಂಬುರ್ಡೆ ಅನ್ನುತ್ತಿದ್ದರು. ಮುಂದಿನ ಖೋಲಿ ಅಪ್ಪನದು, ಅವನ ಮೇಜು, ಅವನ ಟೋಪಿಯ ಗೂಟ. ನಡುವಿನ ಖೋಲಿ ನನ್ನದು ಮತ್ತು ಅವ್ವನದು. ಹಿಂದಿನದು ಅಡುಗೆಮನೆ, ಅದು ಅತ್ಯಾನದು. ಅದರ ಹೊಸ್ತಿಲು ದಾಟುವ ಹಕ್ಕು ಅವ್ವನಿಗೂ ಮಧ್ಯಾಹ್ನದ ನೈವೇದ್ಯ ಮುಗಿಯುವವರೆಗೆ ಇರಲಿಲ್ಲ. ಬೆಳಿಗ್ಗೆ ಅತ್ಯಾ ತೊಟ್ಟಿಯ ಹತ್ತಿರ ತಣ್ಣೀರು ಸುರಿದುಕೊಂಡು, ಸೂರಿಗೆ ಕಟ್ಟಿದ ಗಳುವಿನಿಂದ ಮಡಿಯ ಕೆಂಪು ಸೀರೆಯನ್ನು ಕೋಲಿನಲ್ಲಿ ಇಳಿಸಿ ಉಟ್ಟುಕೊಂಡು, ಬೋಳುತಲೆಯ ಮೇಲೆ ಸೆರಗು ಎಳೆದು ಒಳಗೆ ಹೊಕ್ಕಳೆಂದರೆ ಮುಗಿಯಿತು. ಅವಳನ್ನು ಮುಟ್ಟಬಾರದು, ಅವಳು ಮುಟ್ಟಬಾರದು. ಮಾತೆಲ್ಲ ಹೊಸ್ತಿಲ ಆಚೆ ಈಚೆ ನಿಂತು. ಸ್ವಂತ ಮನೆಯಲ್ಲಿ ಅವ್ವನ ಪಾಲಿಗೆ ಬಂದದ್ದು ನಡುವಿನ ಖೋಲಿಯ ಮೂಲೆಯಲ್ಲಿದ್ದ ಚಹಾದ ಸ್ಟೋವು ಒಂದೇ. ಅದನ್ನು ಅವಳು ಬೇಕೆಂದೇ ಜೋರಾಗಿ ಪಂಪು ಹೊಡೆಯುತ್ತಿದ್ದಳು. ಆ ಭರ್ ಅನ್ನುವ ಸದ್ದೇ ಅವಳ ಜಗಳ.

ದೇವರಿಗೆ ತೋರಿಸುವ ಮೊದಲು ಅಡುಗೆಯನ್ನು ಬಾಯಿಗೆ ಹಾಕುವಂತಿಲ್ಲ. ಹಾಗಾಗಿ ಒಲೆಯ ಮೇಲಿದ್ದುದನ್ನು ಅತ್ಯಾ ಜನ್ಮದಲ್ಲಿ ರುಚಿ ನೋಡಿದವಳಲ್ಲ. ಕುದಿಯುವ ಹುಳಿಯ ಹಬೆಗೆ ಮುಖವೊಡ್ಡಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. ಒಂದೋ ನಾಲ್ಕು ಹರಳು ಉಪ್ಪು ಬೀಳುತ್ತಿತ್ತು, ಇಲ್ಲವೇ ಒಂದು ಚೂರು ಬೆಲ್ಲ. ತಪ್ಪಿದ್ದನ್ನು ನಾನು ಕಂಡಿಲ್ಲ. ಊರ ಕಡೆಯ ನೆಂಟರು ಜೇಜುರಿಗೆ ಹೋಗುವ ದಾರಿಯಲ್ಲಿ ನಮ್ಮಲ್ಲಿ ಇಳಿಯುತ್ತಿದ್ದರು. ಹೋಗುವಾಗ ಆರು ಜನ, ಖಂಡೋಬನ ದರ್ಶನ ಮುಗಿಸಿ ಹಳದಿ ಭಂಡಾರ ಮೆತ್ತಿಕೊಂಡು ಬರುವಾಗ ದಾರಿಯಲ್ಲಿ ಸಿಕ್ಕವರೂ ಸೇರಿ ಹತ್ತು ಜನ. ಹೇಳದೆ ಕೇಳದೆ ಬಂದ ಆ ನಾಲ್ವರಿಗೂ ಸೇರಿ ಕಟ್ಟಿನ ಸಾರು ಅದೇ ರುಚಿಯಲ್ಲಿ ಇರುತ್ತಿತ್ತು. ಉಂಡವರು ಅಪ್ಪನಿಗೆ, ರಾಯರ, ನಿಮ್ಮ ಮನಿ ಅಡಿಗಿ ಭಾಳ ಚಲೋರಿ, ಅನ್ನುತ್ತಿದ್ದರು. ಅಪ್ಪ ತಾನೇ ಮಾಡಿದವನಂತೆ ಮೀಸೆ ಒರೆಸಿಕೊಳ್ಳುತ್ತಿದ್ದ. ಒಳಗಿದ್ದವಳಿಗೆ ಹೋಗಿ ಅದನ್ನು ಹೇಳಬೇಕು ಅಂತ ನಮ್ಮಲ್ಲಿ ಯಾರಿಗೂ ಅನಿಸುತ್ತಿರಲಿಲ್ಲ.

ನನಗೆ ಹದಿನಾರು ತುಂಬುವ ಹೊತ್ತಿಗೆ ಕುತ್ತಿಗೆಯ ಎಡಬದಿಗೆ ಬಿಳಿ ಮಚ್ಚೆಯೊಂದು ಕಾಣಿಸಿಕೊಂಡು ಕಿವಿಯವರೆಗೆ ಏರಿತು. ಹೆಣ್ಣು ನೋಡಲು ಎರಡು ಕಡೆಯವರು ಬಂದರು. ಇಬ್ಬರೂ ಅತ್ಯಾ ಮಾಡಿದ ಉಪ್ಪಿಟ್ಟನ್ನು ಎರಡೆರಡು ಸಲ ಹಾಕಿಸಿಕೊಂಡರು, ಊರಿಗೆ ಹೋಗಿ ತಿಳಿಸುತ್ತೇವೆ ಅಂದರು, ಯಾರೂ ತಿಳಿಸಲಿಲ್ಲ. ಮೂರನೆಯವರನ್ನು ಕರೆಯುವುದಕ್ಕೆ ಅಪ್ಪ ಒಪ್ಪಲಿಲ್ಲ. ಅವನ ಕಣ್ಣು ಮಂಜಾಗುತ್ತ ಬಂದಿತ್ತು, ಪೆನ್ಶನ್ನಿಗೆ ದೂರವಿರಲಿಲ್ಲ. ಇವಳು ತನ್ನ ಕಾಲ ಮೇಲೆ ನಿಲ್ಲುವಂಥದ್ದು ಏನಾದರೂ ಕಲಿಯಲಿ, ನಾನು ಹೋದ ಮೇಲೆ ಇನ್ನೊಬ್ಬರ ಮನೆಯ ಮೂಲೆ ಹಿಡಿದು ಕೂರಬಾರದು ಅಂದ. ಹಾಗೆ ಅನ್ನುವಾಗ ಅವನು ಅಡುಗೆಮನೆಯ ಕಡೆ ನೋಡಲಿಲ್ಲ. ಅವ್ವ ನೋಡಿದಳು. ನಾನು ಅಡುಗೆ ಕಲಿತು ಅಡುಗೆ ಕಲಿಸುವವಳಾಗುತ್ತೇನೆ ಅಂದಾಗ ಇಬ್ಬರೂ ನಕ್ಕರು. ನೆರೆಮನೆಯಲ್ಲಿ ಹಬ್ಬದ ಹೋಳಿಗೆ ಮಾಡಿಕೊಟ್ಟರೆ ಸೀರೆ ಕೊಡುತ್ತಾರೆ, ಅದಕ್ಕೆ ಶಾಲೆ ಯಾಕೆ ಅಂತ ಅವ್ವ ಕೇಳಿದಳು. ಆದರೆ ಅಪ್ಪನಿಗೆ ಕಚೇರಿಯ ಅಭ್ಯಾಸ. ಒಂದು ವಿಷಯ ಬಂತೆಂದರೆ ವಿಚಾರಣೆ ಮಾಡದೆ ಬಿಡುವವನಲ್ಲ. ಕೊಡೆ ಹಿಡಿದು ಊರು ಸುತ್ತತೊಡಗಿದ.

ಅವನು ತಂದ ಸುದ್ದಿಗಳಲ್ಲಿ ಮೊದಲನೆಯದು ಲಷ್ಕರು ಅನ್ನುವ ದಂಡಿನ ಪೇಟೆಯಲ್ಲಿ ಒಬ್ಬ ಪಾರ್ಸಿ ಹೆಂಗಸು ನಡೆಸುತ್ತಿದ್ದ ತರಗತಿ. ಅಲ್ಲಿ ಬಿಳಿ ಏಪ್ರನ್, ಕಬ್ಬಿಣದ ಓವನ್, ಕೇಕು. ಅಪ್ಪನ ಸಾಹೇಬರ ಮಗಳು ಅಲ್ಲಿಗೆ ಹೋಗುತ್ತಿದ್ದಳು. ನನ್ನ ಮನಸ್ಸೆಲ್ಲ ಅಲ್ಲಿಯೇ. ಆ ಏಪ್ರನ್ನಿನ ಕಾಲರು ಕುತ್ತಿಗೆಯನ್ನು ಪೂರ್ತಿ ಮುಚ್ಚುತ್ತದೆ ಅಂತ ಕೇಳಿದ್ದೆ, ಅದೂ ಒಂದು ಕಾರಣ. ಆದರೆ ಮೊಟ್ಟೆ ಒಡೆಯದೆ ಅಲ್ಲಿ ಪಾಠವೇ ಶುರುವಾಗುವುದಿಲ್ಲ ಅಂತ ತಿಳಿದ ಮೇಲೆ ಆ ಮಾತು ನಿಂತಿತು. ಯುದ್ಧದ ಕಾಲ, ಲಷ್ಕರಿನ ತುಂಬ ಗೋರಾ ಸೋಲ್ಜರುಗಳು, ಅದೂ ಬೇಡವಾಯಿತು. ಪೇಟೆಯಲ್ಲಿ ಹೊಸದಾಗಿ ಹೋಟೆಲು ತೆರೆದಿದ್ದ ಉಡುಪಿಯ ಕಡೆಯವರೊಬ್ಬರನ್ನೂ ಅಪ್ಪ ಕೇಳಿದ. ನಮ್ಮಲ್ಲಿ ಕಲಿಯಬೇಕಾದರೆ ಅರೆಯುವ ಕಲ್ಲಿನಿಂದ ಶುರು ಮಾಡಬೇಕು ಮಾರಾಯರೇ, ಹೆಣ್ಣುಮಕ್ಕಳಿಗೆ ಅದಲ್ಲ, ಅಂತ ಅವರು ಚಹಾ ಕುಡಿಸಿ ಕಳಿಸಿದರು. ಉಳಿದದ್ದು ಊರ ಹೊರಗೆ ಗುಡ್ಡದ ಮಗ್ಗುಲಿಗಿದ್ದ ಹೆಣ್ಣುಮಕ್ಕಳ ಶಾಲೆ. ಅಲ್ಲಿ ಹೊಲಿಗೆಯ ಜೊತೆ ಅಡುಗೆಯ ತರಗತಿಯನ್ನೂ ತೆರೆದಿದ್ದರು, ಎರಡು ವರ್ಷ ಕಲಿತರೆ ಕಲಿಸುವ ಅರ್ಹತೆ ಸಿಗುತ್ತಿತ್ತು. ಓವನ್ ಇಲ್ಲ, ಏಪ್ರನ್ ಇಲ್ಲ, ಮೊಟ್ಟೆ ಇಲ್ಲ. ಅಪ್ಪನಿಗೆ ಸರಿಹೋಯಿತು. ನಾನು ಮುಖ ಊದಿಸಿಕೊಂಡು ಒಪ್ಪಿದೆ.

ಆ ಶಾಲೆ ಶುರುವಾದದ್ದೇ ಗಂಡ ಸತ್ತ ಹೆಂಗಸರಿಗಾಗಿ ಅನ್ನುವುದು ನನಗೆ ಗೊತ್ತಿರಲಿಲ್ಲ. ಅತ್ಯಾನಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಎಲ್ಲರ ಊಟವಾದ ಮೇಲೆ, ಅವ್ವ ಅಡ್ಡಾಗಿದ್ದಾಗ, ಅತ್ಯಾ ಹೊಸ್ತಿಲ ಒಳಗೆ ಕೂತು ನನ್ನನ್ನು ಹತ್ತಿರ ಕರೆದಳು. ಹದಿನಾಲ್ಕಕ್ಕೆ ಗಂಡನನ್ನು ಕಳಕೊಂಡು, ಅತ್ತೆಯ ಮನೆಯಲ್ಲಿ ಹತ್ತಾರು ವರ್ಷ ಕಳೆದು ತಮ್ಮನ ಮನೆಗೆ ಬಂದ ಹೊಸದರಲ್ಲಿ, ವಾಡೆಯ ಒಬ್ಬ ಮಾಸ್ತರರ ಹೆಂಡತಿ ಅವಳನ್ನು ಅಲ್ಲಿಗೆ ಸೇರಿಸುವ ಮಾತು ತೆಗೆದಿದ್ದಳಂತೆ. ಅಪ್ಪ ಆಗ, ಜನ ಏನಂದಾರು, ಮನೆಯಲ್ಲಿ ಎರಡು ತುತ್ತಿಗೆ ಬರವಿದೆಯೇ ಅಂದನಂತೆ. ಇದನ್ನೆಲ್ಲ ಅವಳು ಸಿಟ್ಟಿನಿಂದ ಹೇಳಲಿಲ್ಲ, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿದಳು. ಆಮೇಲೆ ದನಿ ಇಳಿಸಿದಳು.

"ಇಂದೂ, ನಿನ್ನ ಕೆಲಸ ಆದ ಮ್ಯಾಲೆ, ಹಂಗ ಸುಮ್ಮನ ಒಂದ್ ಮಾತು ಕೇಳಿ ಬಾ. ಐವತ್ತು ದಾಟಿದಾವ್ರನ್ನ ತಗೋತಾರೇನು ಅಂತ. ನನಗ ಓದಲಿಕ್ಕೆ ಬರಬೇಕವ್ವಾ, ಭಾಳ ಅಲ್ಲ, ನನ್ನ ಹೆಸರು ಬರ್ದಿದ್ರ ಇದು ನಂದು ಅಂತ ಗೊತ್ತಾಗಬೇಕು. ನಿಮ್ಮಪ್ಪಗ ಹೇಳಬ್ಯಾಡ."

ಕೇಳುತ್ತೇನೆ ಅಂತ ಮಾತು ಕೊಟ್ಟೆ. ಕೊಡುವಾಗ ಮನಸಾರೆ ಕೊಟ್ಟೆ, ಅದನ್ನಾದರೂ ನಂಬಬೇಕು.

ಶಾಲೆಯವರ ಷರತ್ತು ಒಂದಿತ್ತು. ಸೇರಬಯಸುವವಳು ತನ್ನ ಮನೆಯಲ್ಲಿ ಮಾಡುವ ಇಪ್ಪತ್ತು ಪದಾರ್ಥಗಳನ್ನು, ಯಾವುದು ಎಷ್ಟು ಅನ್ನುವ ತೂಕದ ಸಮೇತ, ಒಂದು ನೋಟುಬುಕ್ಕಿನಲ್ಲಿ ಬರೆದು ತರಬೇಕು. ಜಾಗ ಇದ್ದದ್ದು ಕೆಲವೇ. ನಾನು ಪೆನ್ಸಿಲು ಹಿಡಿದು ಹೊಸ್ತಿಲ ಈಚೆ ಕೂತು, ಹುಳಿಗೆ ಉಪ್ಪೆಷ್ಟು ಅಂತ ಕೇಳಿದೆ. ಅತ್ಯಾ ಅರ್ಧ ಮುಷ್ಟಿ ಅಂದಳು. ಎಷ್ಟು ತೊಲೆ ಅಂದೆ. ಅವಳಿಗೆ ನಗು ಬಂತು. ಎದುರಿನ ಖೋಲಿಯ ಅಕ್ಕಸಾಲಿಗನಲ್ಲಿ ಒಂದು ಹಳೆಯ ತಕ್ಕಡಿ ಇತ್ತು, ಪುಟ್ಟ ಹಿತ್ತಾಳೆಯ ತಟ್ಟೆಗಳದು, ಗುಂಜಿ, ತೊಲೆಯ ಕಲ್ಲುಗಳ ಸಮೇತ. ಅದನ್ನು ಕೇಳಿ ತಂದೆ. ಊಟವಾದ ಮೇಲೆ, ಮಡಿ ಬಿಟ್ಟಾಗ, ಅತ್ಯಾನಿಂದ ಎಲ್ಲವನ್ನೂ ಒಂದೊಂದು ಮುಷ್ಟಿ ಹಾಕಿಸಿ ತೂಗಿದೆ. ಮರುದಿನ ಅದೇ ತೂಕದಲ್ಲಿ ಅವ್ವನ ಸ್ಟೋವಿನ ಮೇಲೆ ಹುಳಿ ಮಾಡಿ ನೋಡಿದರೆ ಬಾಯಿಗಿಡುವ ಹಾಗಿರಲಿಲ್ಲ. ಅತ್ಯಾನಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಅದು ಖಾಲಿ ಕೈ. ಖಾಲಿ ಕೈಗೆ ಏನೂ ತಿಳಿಯಂಗಿಲ್ಲ. ಮುಂದ ಕುದೀಲಿಕ್ಕೆ ಹತ್ತಿರಬೇಕು, ಅಂದ್ರ ಕೈ ತಾನ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ತದ."

ಅಂದರೆ ಮಡಿಯಲ್ಲಿ ಅಡುಗೆ ಮಾಡುತ್ತಿರುವಾಗಲೇ ಅವಳ ಮುಷ್ಟಿಯನ್ನು ಹಿಡಿಯಬೇಕಿತ್ತು. ತೊಡಕಿದ್ದದ್ದು ಅಲ್ಲಿ. ತಕ್ಕಡಿಯ ತಟ್ಟೆಯನ್ನು ತೊಳೆದರೆ ಸಾಕು, ಹಿತ್ತಾಳೆಗೆ ಮೈಲಿಗೆ ನಿಲ್ಲುವುದಿಲ್ಲ. ಆದರೆ ತಟ್ಟೆಗಳು ತೂಗಾಡುತ್ತಿದ್ದದ್ದು ನೂಲಿನ ದಾರದಲ್ಲಿ. ಹತ್ತು ಜನ ಮುಟ್ಟಿದ ನೂಲು. ಮೊದಲ ದಿನ ಅವಳು ಮೇಲಿನಿಂದ ಉದುರಿಸಿದಳು, ಅರ್ಧ ಉಪ್ಪು ನೆಲಕ್ಕೆ ಬಿತ್ತು. ಹೀಗಾದರೆ ತೂಕ ತಪ್ಪುತ್ತದೆ ಅಂತ ನಾನು ರೇಗಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಕೈಯನ್ನು ತಟ್ಟೆಯೊಳಗೇ ಇಟ್ಟು ಮುಷ್ಟಿ ಬಿಚ್ಚಿದಳು. ದಾರ ಅವಳ ಬೆರಳಿಗೆ ತಾಗಿತು. ಅವಳು ಪಾತ್ರೆಯನ್ನು ಕೆಳಗಿಳಿಸಿ, ಹಿತ್ತಿಲ ಬಾಗಿಲಿಂದ ತೊಟ್ಟಿಗೆ ಹೋಗಿ ನಾಲ್ಕು ಕೊಡ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಬಂದು ಮತ್ತೆ ಅರ್ಧ ಮುಷ್ಟಿ ಉಪ್ಪು ತೆಗೆದು ಹುಳಿಗೆ ಹಾಕಿದಳು. ಆಮೇಲೆ ಬೆಲ್ಲ. ಮತ್ತೆ ತಟ್ಟೆ, ಮತ್ತೆ ತೊಟ್ಟಿ. ಪುಷ್ಯ ಮಾಸದ ಚಳಿ. ಸೌದೆಗೆ ಯುದ್ಧದ ಬಿಗಿ, ನೀರು ಕಾಯಿಸುವ ಮಾತೇ ಇಲ್ಲ. ಒಂದೊಂದು ಬೆಳಿಗ್ಗೆ ನಾಲ್ಕು ಸಲ ಸ್ನಾನವಾಗುತ್ತಿತ್ತು. ಇಪ್ಪತ್ತು ಪದಾರ್ಥಗಳಿಗೆ ಇಪ್ಪತ್ತು ದಿನ. ಅವ್ವನೇ ಒಮ್ಮೆ ಸ್ಟೋವು ಆರಿಸಿ ಎದ್ದು ಬಂದು, ಸಾಕು ಮಾಡೇ, ಅಕ್ಕನ ತುಟಿ ನೀಲಿಯಾಗಿದೆ, ಅಂದಳು. ಅವ್ವ ಅತ್ಯಾನ ಪರವಾಗಿ ಆಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ನಾನು ಕೇಳದವಳಂತೆ ಗುಂಜಿ ಎಣಿಸುತ್ತಿದ್ದೆ. ಹದಿನಾಲ್ಕನೆಯ ದಿನಕ್ಕೆ ಅವಳಿಗೆ ಕೆಮ್ಮು ಹತ್ತಿತು. ಹೂರಣ, ಚಟ್ನಿಪುಡಿ ಸೇರಿ ಇನ್ನೂ ಆರು ಬಾಕಿ ಇದ್ದವು. ಅವನ್ನೂ ಬಿಡಲಿಲ್ಲ.

ನೋಟುಬುಕ್ಕು ಚೆಂದವಾಯಿತು. ಅಪ್ಪ ತನ್ನ ಕಚೇರಿಯ ಅಕ್ಷರದಲ್ಲಿ ಮರಾಠಿಯಲ್ಲಿ ಅದರ ತಲೆಬರಹಗಳನ್ನು ಬರೆದುಕೊಟ್ಟ. ಮೊದಲ ಪುಟದಲ್ಲಿ ಹೆಸರು, ಊರು, ಕಲಿಸಿದವರು ಅಂತ ಮೂರು ಸಾಲು ತುಂಬಬೇಕಿತ್ತು. ಮೂರನೆಯ ಸಾಲಿನಲ್ಲಿ ನಾನು ಸ್ವಂತ ಅಭ್ಯಾಸ ಅಂತ ಬರೆದೆ. ಹಾಗೆ ಬರೆದರೆ ಜಾಗ ಸಿಗುವುದು ಖಂಡಿತ ಅನಿಸಿತ್ತು.

ಶಾಲೆಯ ಮುಖ್ಯಸ್ಥೆಯನ್ನು ಎಲ್ಲರೂ ಮರಾಠಿ ರೂಢಿಯಂತೆ ಬರಿಯ ಬಾಯಿ, ಅಂದರೆ ಅಮ್ಮನವರು, ಅಂತಲೇ ಕರೆಯುತ್ತಿದ್ದರು. ಬಿಳಿ ಸೀರೆ, ಕತ್ತರಿಸಿದ ನರೆಗೂದಲು, ಮಾತಿಗೆ ಮುಂಚೆ ನಗುವ ಮುಖ. ಅಪ್ಪನನ್ನು ಹೊರಗೆ ಕೂರಿಸಿ ನನ್ನನ್ನು ಅಡುಗೆಯ ಖೋಲಿಗೆ ಕರೆದುಕೊಂಡು ಹೋದರು. ನೋಟುಬುಕ್ಕಿನ ಒಂದೊಂದೇ ಪುಟ ತಿರುವುತ್ತ ಅವರ ನಗು ನಿಂತಿತು. ಹುಳಿಗೆ ಉಪ್ಪು ಒಂದೂವರೆ ತೊಲೆಗೆ ಎರಡು ಗುಂಜಿ ಕಡಿಮೆ, ಅಂತ ಗಟ್ಟಿಯಾಗಿ ಓದಿ, ಉಪ್ಪನ್ನು ಗುಂಜಿಯಲ್ಲಿ ತೂಗಿದವಳು ನೀನೇ ಮೊದಲಿಗಳು ಅಂದರು. ಎದುರಿಗೆ ಒಲೆಯ ಮೇಲೆ ಹುಡುಗಿಯರ ಊಟದ ಬೇಳೆ ಕುದಿಯುತ್ತಿತ್ತು. ಉಪ್ಪಿನ ಪಾತ್ರೆಯನ್ನು ನನ್ನ ಮುಂದೆ ಸರಿಸಿ, ಹುಳಿಗೆ ಎಷ್ಟು ಹಾಕುತ್ತೀಯೋ ಅಷ್ಟು ತೆಗೆದು ತೋರಿಸು ಅಂದರು. ನಾನು ಅತ್ಯಾನ ಹಾಗೆಯೇ ಮುಷ್ಟಿ ಮಾಡಿ ತೆಗೆದೆ. ಅವರು ತೂಗಿದರು. ಮೂರು ತೊಲೆಗೆ ಹತ್ತಿರ. ಇನ್ನೊಮ್ಮೆ ಅಂದರು. ಮುಕ್ಕಾಲು ತೊಲೆ. ಅವರು ಬೈಯಲಿಲ್ಲ. ಮಚ್ಚೆ ಮುಚ್ಚಲು ನಾನು ಎಳೆದುಕೊಂಡಿದ್ದ ಸೆರಗನ್ನು ಮೆಲ್ಲಗೆ ಸರಿಪಡಿಸಿ, ಈ ಪುಸ್ತಕದಲ್ಲಿರುವ ಕೈ ಯಾರದು ಮಗೂ ಅಂತ ಮರಾಠಿಯಲ್ಲಿ ಕೇಳಿದರು.

ಹೇಳಿದೆ. ತಕ್ಕಡಿಯನ್ನೂ ಹೇಳಿದೆ, ಸ್ನಾನವನ್ನೂ ಹೇಳಿದೆ. ಅವರೂ ಒಂದು ಕಾಲಕ್ಕೆ ಮಡಿಯಲ್ಲಿದ್ದವರು. ಎಲ್ಲ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಕೇಳಿದರು. ನೂಲು ಬಿಚ್ಚಿ ರೇಷ್ಮೆಯ ದಾರ ಕಟ್ಟಬಾರದಿತ್ತೇ? ರೇಷ್ಮೆಗೆ ಮೈಲಿಗೆ ಇಲ್ಲವಲ್ಲ. ಅಪ್ಪ ದಿನಾ ಪೂಜೆಗೆ ಉಡುವುದು ರೇಷ್ಮೆಯ ಮಡಿ. ಅವ್ವನ ಪೆಟ್ಟಿಗೆಯಲ್ಲಿ ಹರಿದ ರೇಷ್ಮೆಯ ಅಂಚು ಎಷ್ಟಾದರೂ ಇತ್ತು. ನಾಲ್ಕು ಎಳೆ ಸಾಕಿತ್ತು. ಇಪ್ಪತ್ತು ದಿನ ನನಗೂ ಹೊಳೆಯಲಿಲ್ಲ, ಚಳಿಯಲ್ಲಿ ನಡುಗುತ್ತಿದ್ದ ಅತ್ಯಾನಿಗೂ ಹೊಳೆಯಲಿಲ್ಲ. ಅವಳಿಗೆ ಹೊಳೆಯದಿದ್ದದ್ದಕ್ಕೆ ಕಾರಣವುಂಟು, ತನ್ನ ಮೈಗೆ ಕಷ್ಟವಾಗುತ್ತದೆ ಅಂತ ಯೋಚಿಸುವ ಅಭ್ಯಾಸವೇ ಅವಳಿಗೆ ಇರಲಿಲ್ಲ. ನನಗೆ ಏನಾಗಿತ್ತು?

ಬಾಯಿ ನನಗೆ ಜಾಗ ಕೊಟ್ಟರು. ಇಷ್ಟು ಶ್ರದ್ಧೆಯಿಂದ ಬರೆದವಳು ಕಲಿಯುತ್ತಾಳೆ ಅಂದರು. ಇದನ್ನು ಒತ್ತಿ ಹೇಳುತ್ತೇನೆ, ಜಾಗ ಆಗಲೇ ಸಿಕ್ಕಿತ್ತು, ಮುಂದೆ ನಾನು ಆಡಿದ ಮಾತಿಗೆ ಅದರ ನೆಪ ಇಲ್ಲ. ಆಮೇಲೆ ಅವರು, ನಿಮ್ಮ ಅತ್ಯಾನಿಗೆ ಇಲ್ಲಿಗೆ ಬರುವ ಮನಸ್ಸಿದೆಯೇ ಅಂತ ಕೇಳಿದರು. ಅಡುಗೆಯ ತರಗತಿಗೆ ಇಂಥ ಕೈಯ ಹೆಂಗಸೇ ಬೇಕಾಗಿದ್ದಾಳೆ, ಇಲ್ಲೇ ಇರಬಹುದು, ಬೆಳಿಗ್ಗೆ ಓದು ಬರಹ ಕಲಿಯಬಹುದು, ಐವತ್ತು ದಾಟಿದ ಮೂವರು ಆಗಲೇ ಇದ್ದಾರೆ. ಅತ್ಯಾ ಕೇಳಿ ಬಾ ಅಂದದ್ದನ್ನು ಕೇಳುವ ಮೊದಲೇ ಉತ್ತರ ಬಂದು ಮುಂದೆ ನಿಂತಿತ್ತು. ಹೌದು ಅಂದರೆ ಮುಗಿಯುತ್ತಿತ್ತು. ಆ ಹೊತ್ತಿಗೆ ಕಿಟಕಿಯ ಹೊರಗೆ ಹುಡುಗಿಯರ ಗುಂಪೊಂದು ನಗುತ್ತ ಹೋಯಿತು. ನನ್ನ ಕಣ್ಣ ಮುಂದೆ ಅತ್ಯಾ ಬಂದಳು, ಕೆಂಪು ಸೀರೆ, ಬೋಳುತಲೆ, ಇವರ ನಡುವೆ ಕಾಲು ಮಡಚಿ ಕೂತು ಅಕ್ಷರ ತಿದ್ದುತ್ತಿದ್ದಾಳೆ. ನನ್ನನ್ನು ಎಲ್ಲರೂ ಅವಳ ತಮ್ಮನ ಮಗಳು ಅನ್ನುತ್ತಿದ್ದಾರೆ. ಒಲೆಯ ಮುಂದೆ ಕಲಿಸುವವಳು ಅವಳು, ತಕ್ಕಡಿ ಹಿಡಿದು ನಿಂತವಳು ನಾನು. ಮಚ್ಚೆಯ ಹುಡುಗಿ ಅಂತ ಕರೆಸಿಕೊಳ್ಳುವುದು ಹೇಗೂ ಇದ್ದೇ ಇತ್ತು, ಅದರ ಮೇಲೆ ಇದೂ ಬೇಡ ಅನಿಸಿತು. ನನಗೆ ಹೆದರಿಕೆಯಾಗಿತ್ತು ಅಂತ ಬರೆದುಕೊಂಡರೆ ಸುಲಭ. ಹೆದರಿಕೆಯಲ್ಲ, ಬರೀ ಹಮ್ಮು. ಅವಳು ಮಡಿ ಬಿಟ್ಟು ಹೊರಗೆ ಬರುವವಳಲ್ಲ, ಇಂಥ ಮಾತು ತೆಗೆದರೇ ನೊಂದುಕೊಳ್ಳುತ್ತಾಳೆ, ಅಂತ ಬಾಯಿಗೆ ಹೇಳಿದೆ. ಅವರು ಅರ್ಜಿಯಲ್ಲಿದ್ದ ವಿಳಾಸದ ಕೆಳಗೆ ಅತ್ಯಾನ ಹೆಸರು ಕೇಳಿ ಬರೆದುಕೊಂಡರು. ಭಾಗೀರಥಿ ಅನ್ನುವ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮನೆಗೆ ಬಂದಾಗ ಅತ್ಯಾ ಹೊಸ್ತಿಲ ಹತ್ತಿರವೇ ನಿಂತಿದ್ದಳು. ನನಗೆ ಜಾಗ ಸಿಕ್ಕಿದ ಸುದ್ದಿಗೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಅಪ್ಪ ಟೋಪಿ ತೆಗೆಯಲು ಮುಂದಿನ ಖೋಲಿಗೆ ಹೋದ ಮೇಲೆ ಹುಬ್ಬು ಏರಿಸಿ ನನ್ನನ್ನು ನೋಡಿದಳು. ಮೂವತ್ತು ದಾಟಿದವರನ್ನು ತಗೊಳ್ಳುವುದಿಲ್ಲವಂತೆ ಅಂದೆ. ಅವಳು ಆತು ಬಿಡು ಅಂದು, ನನ್ನ ತಟ್ಟೆಗೆ ಬಿಸಿ ಅನ್ನ ಬಡಿಸಲು ಒಳಗೆ ಹೋದಳು.

ಎಂಟು ದಿನಕ್ಕೆ ಟಪಾಲಿನವನು ಒಂದು ಕಾರ್ಡು ಕೊಟ್ಟು ಹೋದ. ಶ್ರೀಮತಿ ಭಾಗೀರಥಿಬಾಯಿಯವರಿಗೆ ಅಂತ ಮೇಲೆ ಇತ್ತು. ನಮ್ಮ ಮನೆಗೆ ಅಪ್ಪನ ಹೆಸರಿಲ್ಲದೆ ಬಂದ ಮೊದಲ ಕಾಗದ ಅದು. ಮಧ್ಯಾಹ್ನ, ಅಪ್ಪ ಕಚೇರಿಯಲ್ಲಿದ್ದ, ಅವ್ವ ಮಲಗಿದ್ದಳು. ಕಾಗದವೂ ಮೈಲಿಗೆಯೇ, ಆದರೂ ಅತ್ಯಾ ಅವತ್ತು ಮಡಿ ಬಿಟ್ಟು, ಕೈ ಒರೆಸಿಕೊಂಡು, ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ನನ್ನ ಹೆಸರಿಲೆ ಬಂದದಂತ. ಓದು ನೋಡೋಣು."

ಬಾಯಿ ಬರೆದಿದ್ದರು. ನಿಮ್ಮ ಕೈಯ ಲೆಕ್ಕದ ಪುಸ್ತಕ ನೋಡಿದೆ, ನಿಮಗೆ ನಮಸ್ಕಾರ. ನೀವು ಇಲ್ಲಿಗೆ ಬಂದು ನಮ್ಮ ಹುಡುಗಿಯರಿಗೆ ಕಲಿಸಬೇಕು ಅನ್ನುವುದು ನನ್ನ ಆಸೆ. ಮಡಿಯ ಅಡುಗೆಗೆ ಬೇರೆ ಒಲೆ ಇದೆ, ವಯಸ್ಸಿನ ಅಡ್ಡಿ ಇಲ್ಲ. ಒಮ್ಮೆ ಬಂದು ನೋಡಿ ಹೋಗಿ. ಇಷ್ಟೇ ಇದ್ದದ್ದು. ನಾನು ಕಾರ್ಡಿನ ಮೇಲೆ ಕಣ್ಣಾಡಿಸುತ್ತ ಬೇರೆಯದನ್ನೇ ಓದಿದೆ. ನಿಮ್ಮ ತಮ್ಮನ ಮಗಳು ಜಾಣೆ, ನೀವು ಅವಳಿಗೆ ಕಲಿಸಿದ್ದಕ್ಕೆ ನಮಸ್ಕಾರ. ನಿಮ್ಮನ್ನೂ ಕರೆಯುವ ಆಸೆಯಿತ್ತು, ಆದರೆ ನಮ್ಮಲ್ಲಿ ವಯಸ್ಸಿನ ನಿಯಮ ಇದೆ, ಬೇಸರ ಮಾಡಿಕೊಳ್ಳಬೇಡಿ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಅದು ಅಲ್ಲಿ ಬರೆದ ಹಾಗೆ ಕಂಡಿತು. ನಮಸ್ಕಾರ ಅನ್ನುವ ಮಾತಿಗೆ ಅತ್ಯಾ ನನ್ನನ್ನು ತಡೆದು, ನನಗ? ನನಗ ನಮಸ್ಕಾರ ಅಂತ ಬರ್ದಾರ? ಅಂತ ಕೇಳಿದಳು. ಆ ಶಬ್ದ ಎಲ್ಲಿದೆ ತೋರಿಸು ಅಂದಳು. ಅದೊಂದು ಶಬ್ದ ಮಾತ್ರ ನಿಜವಾಗಿ ಇತ್ತು. ಬೆರಳಿಟ್ಟು ತೋರಿಸಿದೆ. ಅವಳು ಅದರ ಮೇಲೆ ತನ್ನ ಬೆರಳಿಟ್ಟು ನೋಡಿ, ಕಾರ್ಡನ್ನು ತನ್ನ ತಗಡಿನ ಡಬ್ಬಿಯಲ್ಲಿ ಜಪಮಾಲೆಯ ಕೆಳಗೆ ಇಟ್ಟಳು.

ಎರಡು ವರ್ಷ ಕಲಿತೆ, ಆಮೇಲೆ ಅಲ್ಲಿಯೇ ಕಲಿಸತೊಡಗಿದೆ. ಅತ್ಯಾನ ಅಳತೆಗಳು ನನ್ನ ಹೆಸರಿನಲ್ಲಿ ಕರಿಹಲಗೆಯ ಮೇಲೆ ಏರಿದವು. ಬಾಯಿ ಒಂದೆರಡು ಸಲ, ಅವರಿಂದ ಉತ್ತರವೇ ಬರಲಿಲ್ಲವಲ್ಲ ಅಂದರು. ಮಡಿಯವರು ಅಂದೆ. ಮನೆಯಲ್ಲಿ ಅತ್ಯಾ ಅದೇ ಒಲೆಯ ಮುಂದೆ ಇದ್ದಳು. ಪ್ರತಿ ಪುಷ್ಯ ಮಾಸಕ್ಕೆ ಆ ಕೆಮ್ಮು ಮರಳಿ ಬರುತ್ತಿತ್ತು, ಪ್ರತಿ ಸಲ ಸ್ವಲ್ಪ ಹೆಚ್ಚು ದಿನ ನಿಲ್ಲುತ್ತಿತ್ತು. ಸ್ವಾತಂತ್ರ್ಯ ಬಂತು ಅಂತ ಊರ ತುಂಬ ಬಾವುಟ ಕಟ್ಟಿ ಪೇಢೆ ಹಂಚಿದ ಆ ಮಳೆಗಾಲವನ್ನು ಅವಳು ನೋಡಲಿಲ್ಲ. ಅದಕ್ಕೆ ಮುಂಚಿನ ಚಳಿಗಾಲದಲ್ಲಿ ಹಾಸಿಗೆ ಹಿಡಿದಳು. ಅಡುಗೆಮನೆ ಅವ್ವನ ಕೈಗೆ ಬಂತು. ಅಷ್ಟು ವರ್ಷ ಬಯಸಿದ ಅಡುಗೆಮನೆಯಲ್ಲಿ ಅವ್ವ ಮೊದಲ ದಿನ ಏನೂ ಮಾಡಲಾಗದೆ ಅಳುತ್ತ ಕೂತಿದ್ದಳು.

ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬೇಗ ಬಂದು ಅತ್ಯಾನ ಹತ್ತಿರ ಕೂತೆ. ಹಾಸಿಗೆ ಹಿಡಿದ ಮೇಲೆ ಮಡಿ ಬಿಟ್ಟಿತ್ತು, ಹಾಗಾಗಿ ಅವಳ ಕೈಯನ್ನು ನಾನು ಹಿಡಿದುಕೊಳ್ಳಬಹುದಿತ್ತು. ಅವಳು ಡಬ್ಬಿ ತೆಗೆಸಿ, ಆ ಕಾರ್ಡನ್ನು ಇನ್ನೊಮ್ಮೆ ಓದು ಅಂದಳು. ನಾನು ಕಾರ್ಡು ಹಿಡಿದೆ. ಅಂಚು ಸವೆದಿತ್ತು, ನಮಸ್ಕಾರ ಅನ್ನುವ ಶಬ್ದದ ಮೇಲೆ ಕಲೆ ಬಿದ್ದಿತ್ತು. ಇದ್ದದ್ದನ್ನು ಇದ್ದ ಹಾಗೆ ಓದುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಓದಲಿಲ್ಲ. ಹಳೆಯ ಸುಳ್ಳನ್ನೇ ಓದಲು ಹೊರಟೆ, ಆದರೆ ಐದಾರು ವರ್ಷದ ಹಿಂದೆ ಏನು ಕಟ್ಟಿ ಹೇಳಿದ್ದೆನೋ ಮರೆತುಹೋಗಿತ್ತು. ನಿಮ್ಮನ್ನೂ ಕರೆಯುವ ಆಸೆಯಿತ್ತು, ಆದರೆ ಈ ವರ್ಷ ಜಾಗ ತುಂಬಿದೆ, ಅಂದುಬಿಟ್ಟೆ. ಮುಷ್ಟಿಯ ಅಳತೆಯನ್ನು ಮೂವತ್ತು ವರ್ಷ ತಪ್ಪದೆ ನೆನಪಿಟ್ಟವಳು ಅವಳು. ಅವಳ ಕೈ ನನ್ನ ಕೈಯೊಳಗೆ ಅಲ್ಲಾಡದೆ ನಿಂತಿತು. ನಾನು ಮುಂದಿನ ಸಾಲು ಹುಡುಕುತ್ತಿದ್ದಾಗ ಅವಳೇ ಮಾತಾಡಿದಳು.

"ಸಾಕು, ಮುಂದ ಓದಬ್ಯಾಡ. ಮೊದಲ ಸಲ ಓದಿದ್ದ ಇದಕ್ಕಿಂತ ಚಲೋ ಇತ್ತು."

ಕಾರ್ಡನ್ನು ಅವಳೇ ತಗೊಂಡು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಅತ್ಯಾ ಅಂದೆ. ಅವಳು ಕೆಮ್ಮಿ, ಸುಧಾರಿಸಿಕೊಂಡು, ನಾಳೆ ಹುಡುಗಿಯರಿಗೆ ಏನು ಕಲಿಸುತ್ತೀ ಅಂತ ಕೇಳಿದಳು. ಹುಳಿ ಅಂದೆ. ಉಪ್ಪು ಎಷ್ಟು ಅಂತ ಬರೆದಿದ್ದೀ ಅಂದಳು. ಒಂದೂವರೆ ತೊಲೆಗೆ ಎರಡು ಗುಂಜಿ ಕಡಿಮೆ ಅಂದೆ. ಅವಳು ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಮೇಲೆತ್ತಿ, ಖಾಲಿ ಬೆರಳುಗಳನ್ನು ಅರ್ಧ ಮಡಚಿ ನೋಡಿಕೊಂಡಳು.

"ಬರೋಬ್ಬರಿ ಅದ. ಅದನ್ನಾದ್ರೂ ಖರೇ ಬರ್ದೀಯಲ್ಲ, ಸಾಕು."